ಕಂಬಿ ಎಳೆದು ನೋಡುವ ಕೈ

ಕಳೆದ ಭಾನುವಾರ ಹೈದರಾಬಾದಿನ ಗಚ್ಚಿಬೌಲಿಯ ಟೀ ಅಂಗಡಿಯೊಂದರ ಮುಂದೆ, ರಾವಿರ್ಯಾಲದ ವಂಡರ್‌ಲಾ ಮನರಂಜನಾ ಪಾರ್ಕಿಗೆ ಹೊರಟಿದ್ದ ಕನ್ನಡದ ಹುಡುಗರು ‘ಏನೇ ಹೇಳ್ರೋ, ನಮ್ಮ ಬಿಡದಿಯದರ ಮುಂದೆ ಇದ್ಯಾವುದೂ ಇಲ್ಲ’ ಎಂದು ವಾದಕ್ಕೆ ಬಿದ್ದಿದ್ದರು. ಶಾಲಾ ಪ್ರವಾಸದ ಬಸ್ಸಿಳಿದು ಕಂಡ ಪಾರ್ಕಿನ ಮೇಲಿನ ಈ ಮಮಕಾರ ಜಾಹೀರಾತಿನಿಂದ ಹುಟ್ಟಿದ್ದಲ್ಲ. ಅದರ ಬೇರು ವಂಡರ್‌ಲಾ ಸ್ಥಾಪಕರ ಮೊದಲ ಕಸುಬಿನಲ್ಲಿದೆ ಎಂದು ನನಗನ್ನಿಸುತ್ತದೆ. ಕೊಚ್ಚೌಸೇಫ್ ಚಿಟ್ಟಿಲಪ್ಪಿಳ್ಳಿ 1977ರಲ್ಲಿ ತಂದೆಯಿಂದ ಒಂದು ಲಕ್ಷ ರೂಪಾಯಿ ಸಾಲ ಪಡೆದು, ಇಬ್ಬರು ಕೆಲಸಗಾರರೊಂದಿಗೆ ವಿ-ಗಾರ್ಡ್ ಸ್ಟೆಬಿಲೈಸರ್ ಮಾಡತೊಡಗಿದವರು. ಕರೆಂಟು ಎಷ್ಟೇ ಏರಿಳಿದರೂ ಮನೆಯ ಟೀವಿ, ಫ್ರಿಜ್ಜು ಸುಡಬಾರದು ಎನ್ನುವುದೇ ಆ ಪೆಟ್ಟಿಗೆಯ ಕೆಲಸ. ಅದೇ ಮನುಷ್ಯ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಪಾರ್ಕ್ ತೆರೆದರು, ವಂಡರ್‌ಲಾ ಹೆಸರಿನಲ್ಲಿ 2005ರಲ್ಲಿ ಬಿಡದಿಗೆ, 2016ರಲ್ಲಿ ಹೈದರಾಬಾದಿಗೆ ಬಂದರು. ಇದೇ ಊರಿನ ರಾಮೋಜಿ ಫಿಲ್ಮ್ ಸಿಟಿಗೆ ನಾವು ಹೋಗುವುದು ಇನ್ನೊಬ್ಬರ ಕನಸನ್ನು ನೋಡಲು, ಸೆಟ್ಟಿನ ಮುಂದೆ ಫೋಟೋ ತೆಗೆಸಿಕೊಳ್ಳಲು. ವಂಡರ್‌ಲಾದಲ್ಲಿ ಹಾಗಲ್ಲ, ಮೈಯನ್ನೇ ಯಂತ್ರದ ಕೈಗೆ ಒಪ್ಪಿಸಬೇಕು. ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಏರಿ ಕೂತಾಗ ಭುಜದ ಮೇಲಿನ ಕಂಬಿ ಕಟಕ್ಕೆಂದು ಬೀಳುತ್ತದೆ. ಬಿದ್ದ ಮೇಲೂ ಸಿಬ್ಬಂದಿ ಸಾಲುದ್ದಕ್ಕೂ ಬಂದು ಒಂದೊಂದು ಕಂಬಿಯನ್ನೂ ಕೈಯಾರೆ ಜಗ್ಗಿ ನೋಡುತ್ತಾರೆ. ತಲೆಕೆಳಗಾಗಿ ಕಿರುಚಲು ನಮಗೆ ಧೈರ್ಯ ಬರುವುದು, ಸ್ಟೆಬಿಲೈಸರಿನ ಹಾಗೆಯೇ ನಮ್ಮನ್ನು ಕಾಯುವ ಆ ಜಗ್ಗುವಿಕೆಯಿಂದಲೇ. ಗಚ್ಚಿಬೌಲಿಯ ಸುತ್ತ ಮಾಲುಗಳಿಗೂ ಗೇಮ್ ಝೋನ್‌ಗಳಿಗೂ ಬರವಿಲ್ಲ. ಆದರೂ ಊರಿಂದ ಅಕ್ಕನ ಮಕ್ಕಳು ಬಂದರೆ ನಾನು ರಿಂಗ್ ರೋಡ್ ಹಿಡಿದು ರಾವಿರ್ಯಾಲಕ್ಕೇ ಹೊರಡುತ್ತೇನೆ.