ಬರುವವರ ಲೆಕ್ಕವೂ ಹೋಗುವವರ ಲೆಕ್ಕವೂ

ಪರದೇಶದಿಂದ ಬಂದು ನೆಲಸುವವರು ವರ್ಷಕ್ಕೆ ಎಷ್ಟು ಮಂದಿ ಇರತಕ್ಕದ್ದೆಂದು ಒಂದು ರಾಷ್ಟ್ರವು ಹೇಗೆ ಗೊತ್ತುಮಾಡುತ್ತದೆ? ಅಮೆರಿಕವು 1946ರಲ್ಲಿ ಭಾರತೀಯರಿಗೆ ವರ್ಷಕ್ಕೆ ಸುಮಾರು 100 ಸ್ಥಾನಗಳನ್ನು ಮಾತ್ರ ಕೊಟ್ಟಿತು. ಅದು ಜನಾಂಗವನ್ನು ನೋಡಿ ಹಾಕಿದ ಲೆಕ್ಕವು. 1965ರ ಕಾಯಿದೆಯು ಆ ಪದ್ಧತಿಯನ್ನು ತೆಗೆದುಹಾಕಿತು. ಕೆನಡಾ ದೇಶದ ಕ್ರಮವು ಬೇರೆ. ಅಲ್ಲಿ ಮಂತ್ರಿಯು ಪ್ರಾಂತಗಳೊಡನೆ ಆಲೋಚಿಸಿ, ಸಾಮಾನ್ಯವಾಗಿ ನವೆಂಬರ್ 1ರೊಳಗಾಗಿ ಮುಂದಿನ ವರ್ಷದ ಸಂಖ್ಯೆಯನ್ನು ಪಾರ್ಲಿಮೆಂಟಿನ ಮುಂದಿಡಬೇಕು. 2025ಕ್ಕೆಂದು ಯೋಚಿಸಿದ್ದ 5,00,000ವನ್ನು 2024ರ ಅಕ್ಟೋಬರಿನಲ್ಲಿ 3,95,000ಕ್ಕೆ ಇಳಿಸಿದರು. ಮನೆಗಳೂ ಆಸ್ಪತ್ರೆಗಳೂ ಸಾಲದೆ ಬಂದುದೇ ಅದಕ್ಕೆ ಹೇಳಿದ ಕಾರಣವು. ಇಳಿಸಿದ್ದು ಸರಿಯೋ ತಪ್ಪೋ, ಭಿನ್ನಾಭಿಪ್ರಾಯವಿರಬಹುದು. ಆದರೆ ಮನುಷ್ಯರನ್ನು ಎಣಿಸುವಾಗ ಅವರಿಗೆ ಬೇಕಾದ ಸೂರನ್ನೂ ಔಷಧೋಪಚಾರವನ್ನೂ ಎಣಿಸುವುದು ಮೆಚ್ಚತಕ್ಕ ನಡೆಯೆಂದು ನಾವು ಭಾವಿಸುತ್ತೇವೆ.

ನಮ್ಮ ಸೀಮೆಯ ಸಂಗತಿಯೇನು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ಸಂಸಾರಗಳು ಬೆಂಗಳೂರಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಗುಳೆ ಹೋಗುತ್ತವೆ. ತಾಯಿ ಕೂಲಿಗೆ ಹೋದರೆ ಕೂಸನ್ನು ನೋಡಿಕೊಳ್ಳಲು ಹಿರಿಯ ಮಗಳು ಶಾಲೆ ಬಿಡುತ್ತಾಳೆ. ನಮ್ಮ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಮಾತ್ರ ಉಳಿಯುತ್ತದೆ.

ಹೋಗುವವರನ್ನು ತಡೆಯಬೇಕೆಂದು ನಾವು ಹೇಳುವುದಿಲ್ಲ. ದೇಶದೊಳಗೆ ಎಲ್ಲಿಗಾದರೂ ಹೋಗುವ ಹಕ್ಕನ್ನು ಸಂವಿಧಾನವೇ ಕೊಟ್ಟಿದೆ. ಆದರೆ ಸುಗ್ಗಿ ಮುಗಿದೊಡನೆ ಪ್ರತಿ ಗ್ರಾಮ ಪಂಚಾಯತಿಯೂ ಹೊರಡುವ ಸಂಸಾರಗಳನ್ನು ಎಣಿಸಿ, ಮಕ್ಕಳಿಗೆ ವಸತಿನಿಲಯಗಳಲ್ಲಿ ಎಷ್ಟು ಸ್ಥಾನ ಬೇಕೆಂದು ಒಂದು ನಿಶ್ಚಿತ ದಿನದೊಳಗೆ ಗೊತ್ತುಮಾಡಬಾರದೇ? ಪರದೇಶದವರಿಗಾಗಿ ಒಂದು ರಾಷ್ಟ್ರವು ಮಾಡುವಷ್ಟನ್ನು ನಾವು ನಮ್ಮ ಹೆಣ್ಣುಮಕ್ಕಳಿಗಾಗಿ ಮಾಡಲಾರೆವೇ?