ಪೊರೆ ಬಲಿಯುವವರೆಗೆ ಕಾಯಬೇಕೆ?

ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸಿ ಪೂಜಿಸುವ ನಮ್ಮ ಮನೆಗಳಲ್ಲಿ, ಕಣ್ಣು ಮಂಜಾದುದು ಹಿರಿಯರಿಗೆ ಎಷ್ಟೋ ವೇಳೆ ಪೂಜೆಯ ಹೊತ್ತಿನಲ್ಲಿಯೇ ಅರಿವಿಗೆ ಬರುತ್ತದೆ. ನಲವತ್ತು ದಾಟಿದವರಿಗೆ ಹತ್ತಿರದ್ದು ಅಸ್ಪಷ್ಟವಾಗುವುದು ಸಹಜ. ಕಣ್ಣಿನೊಳಗಿನ ಮಸೂರವು ವಯಸ್ಸಿನೊಡನೆ ತನ್ನ ಮೃದುತ್ವವನ್ನು ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ಜನರು ಇದನ್ನು ಚಾಳೀಸು ಎನ್ನುತ್ತಾರೆ. ಇದು ರೋಗವಲ್ಲ, ತಕ್ಕ ಕನ್ನಡಕ ಧರಿಸಿದರೆ ತೀರಿತು. ಕನ್ನಡಕದಿಂದಲೂ ಹೋಗದ ಮಬ್ಬಿನ ವಿಷಯ ಮಾತ್ರ ಬೇರೆ. "ಮೋತಿಬಿಂದು ಇರಬೇಕು, ಪೂರ್ತಿ ಬಲಿಯಲಿ, ಆಮೇಲೆ ನೋಡೋಣ" ಎಂದು ವರ್ಷಗಟ್ಟಲೆ ಮುಂದೂಡುವವರು ಇಂದಿಗೂ ಇದ್ದಾರೆ. ಈ ಮಾತಿನಲ್ಲಿ ಎರಡು ಅಪಾಯಗಳು ಅಡಗಿವೆ.

ಮಾತು ನಿರಾಧಾರವಾಗಿ ಹುಟ್ಟಿದ್ದಲ್ಲ. ಹಿಂದೆ ಪೊರೆಗಟ್ಟಿದ ಮಸೂರವನ್ನು ತೆಗೆದ ಬಳಿಕ ಅದರ ಸ್ಥಾನದಲ್ಲಿ ಏನನ್ನೂ ಇಡುತ್ತಿರಲಿಲ್ಲ. ರೋಗಿಯು ಜೀವನಪರ್ಯಂತ ದಪ್ಪ ಗಾಜಿನ ಕನ್ನಡಕ ಧರಿಸಬೇಕಾಗುತ್ತಿತ್ತು. ಅದರಲ್ಲಿ ವಸ್ತುಗಳು ದೊಡ್ಡದಾಗಿ ಕಾಣುತ್ತಿದ್ದವು, ಪಕ್ಕದ ನೋಟ ಕೆಡುತ್ತಿತ್ತು. ಆದ್ದರಿಂದ ದೃಷ್ಟಿ ಬಹುಪಾಲು ಹೋಗುವವರೆಗೆ ಕಾಯುವುದೇ ಲೇಸೆಂದು ವೈದ್ಯರೂ ಹೇಳುತ್ತಿದ್ದರು. ಬೀಳಗಿಯಲ್ಲಿ ಜನಿಸಿ 2005ರಲ್ಲಿ ನಿಧನರಾದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನೇತ್ರ ಶಿಬಿರಗಳನ್ನು ನಡೆಸಿ ಅಸಂಖ್ಯ ಬಡವರಿಗೆ ಬೆಳಕು ಕೊಟ್ಟ ಕಾಲವನ್ನು ಕಂಡ ಅಜ್ಜ ಅಜ್ಜಿಯರಿಗೆ ಆ ಕನ್ನಡಕಗಳ ನೆನಪು ಇರಲೇಬೇಕು.

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಕಣ್ಣಿನೊಳಗೆ ಕೃತಕ ಮಸೂರವನ್ನು ಪ್ರಥಮವಾಗಿ ಅಳವಡಿಸಿದರು. ಯುದ್ಧ ವಿಮಾನದ ಚಾಲಕರ ಕಣ್ಣಿಗೆ ಸಿಡಿದ ಪ್ಲಾಸ್ಟಿಕ್ ಚೂರುಗಳು ಅಲ್ಲಿ ಕೆರಳಿಕೆಯಿಲ್ಲದೆ ಉಳಿದುದನ್ನು ಗಮನಿಸಿದುದೇ ಅವರಿಗೆ ದಾರಿ ತೋರಿಸಿತು. ಇಂದು ಕೆಲವೇ ಮಿಲಿಮೀಟರ್ ಸೀಳಿನ ಮೂಲಕ ಪೊರೆಯನ್ನು ತೆಗೆದು, ಮಡಿಚಿದ ಮಸೂರವನ್ನು ಒಳಗಿರಿಸುತ್ತಾರೆ. ಸಾಮಾನ್ಯವಾಗಿ ರೋಗಿಯು ಅದೇ ದಿನ ಮನೆಗೆ ಮರಳುತ್ತಾನೆ. ಈ ವಿಧಾನದಲ್ಲಿ ಬಲಿತ ಪೊರೆಯೇ ತೊಡಕಿನದು. ಅದು ಗಡುಸಾಗುತ್ತದೆ; ತೀರ ಬಲಿತರೆ ಅದರ ಅಂಶ ಸೋರಿ, ಕಣ್ಣಿನ ಒತ್ತಡ ಏರಿ, ತೀವ್ರ ನೋವು ಬರಬಹುದು.

ಹಾಗೆಂದು ಪೊರೆಯ ಸುಳಿವು ಕಂಡೊಡನೆ ಅವಸರಪಡಬೇಕಾಗಿಲ್ಲ. ಓದು, ಅಡುಗೆ, ನಡಿಗೆ ಮುಂತಾದ ನಿತ್ಯದ ಕೆಲಸಗಳಿಗೆ ಅಡ್ಡಿಯಾದಾಗ ಶಸ್ತ್ರಕ್ರಿಯೆಗೆ ಸಿದ್ಧರಾಗುವುದು ಯುಕ್ತ. ರಾತ್ರಿ ಎದುರಿನ ದೀಪ ಚದುರಿ ಕಾಣುವುದು, ಬಣ್ಣಗಳು ಮಂಕಾಗುವುದು, ಕನ್ನಡಕದ ನಂಬರು ಮೇಲಿಂದ ಮೇಲೆ ಬದಲಾಗುವುದು ಇದರ ಲಕ್ಷಣಗಳು. ವಿಚಿತ್ರವೆಂದರೆ, ಕೆಲವರಿಗೆ ಚಾಳೀಸಿಲ್ಲದೆಯೇ ಓದಲು ಬರತೊಡಗುತ್ತದೆ! ಅಜ್ಜನ ಕಣ್ಣು ಚುರುಕಾಯಿತೆಂದು ಮನೆಯವರು ಸಂತೋಷಪಡುತ್ತಾರೆ. ಅದೂ ಹಲವು ವೇಳೆ ಪೊರೆಯ ಆರಂಭವೇ. ಪೊರೆಯನ್ನು ಕರಗಿಸುವ ಔಷಧಿಯಾಗಲಿ, ಬೇರಿನ ರಸವಾಗಲಿ ಇಲ್ಲ. ಜಾಹೀರಾತುಗಳನ್ನು ನಂಬಿ ಹಣ ಕಳೆಯುವುದು ವ್ಯರ್ಥ.

ಎರಡನೆಯ ಅಪಾಯ ಇನ್ನೂ ಗಂಭೀರವಾದುದು. ಮಬ್ಬಾದುದೆಲ್ಲ ಪೊರೆಯಲ್ಲ. ಗ್ಲಾಕೋಮಾ ಎಂಬ ರೋಗದಲ್ಲಿ, ಬಹುತೇಕ ಕಣ್ಣೊಳಗಿನ ಒತ್ತಡದಿಂದಾಗಿ, ದೃಷ್ಟಿನರವು ಸವೆಯುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ನೋಟವು ಅಂಚಿನಿಂದ ಕುಗ್ಗುತ್ತ ಬರುವುದರಿಂದ ರೋಗಿಗೆ ತಿಳಿಯುವುದೇ ತಡವಾಗಿ. ಪೊರೆಯಿಂದ ಹೋದ ದೃಷ್ಟಿ ಮರಳಬಲ್ಲದು, ಇದರಿಂದ ಹೋದುದು ಮರಳದು. ಪೊರೆ ಬಲಿಯಲೆಂದು ಕಾದು ಕುಳಿತವರಲ್ಲಿ ಈ ರೋಗವಿದ್ದರೆ, ಕಾದ ಪ್ರತಿ ತಿಂಗಳೂ ನಷ್ಟವೇ. ತಂದೆ ತಾಯಿ ಅಥವಾ ಒಡಹುಟ್ಟಿದವರಲ್ಲಿ ಇದು ಕಂಡಿದ್ದರೆ ಉಳಿದವರು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನು ತೋರಿಸಿಕೊಳ್ಳುವುದು ಅವಶ್ಯ. ಕಣ್ಣು ಕೆಂಪಾದಾಗ ಅಂಗಡಿಯಿಂದ ಸ್ಟೀರಾಯ್ಡ್ ಹನಿಗಳನ್ನು ತಾವೇ ತಂದು ತಿಂಗಳುಗಟ್ಟಲೆ ಹಾಕುವವರಿಗೆ ಒತ್ತಡವೂ ಪೊರೆಯೂ ಎರಡೂ ಬರಬಹುದು.

ಶಸ್ತ್ರಕ್ರಿಯೆಯ ಬಳಿಕ ಲಿಂಗಪೂಜೆಯನ್ನು ಬಿಡಬೇಕೆ ಎಂಬ ಸಂಕೋಚ ಕೆಲವು ತಾಯಂದಿರಿಗೆ ಇರುತ್ತದೆ. ಬಿಡಬೇಕಾಗಿಲ್ಲ. ವೈದ್ಯರು ಹೇಳುವ ದಿನದವರೆಗೆ ತಲೆಸ್ನಾನ ಬೇಡ, ಧೂಪದ ಹೊಗೆ ದೂರವಿರಲಿ. ವಿಭೂತಿಯ ಪುಡಿ ಕಣ್ಣಿಗೆ ಉದುರದಂತೆ ಹಣೆಯನ್ನು ಬಿಟ್ಟು ತೋಳುಗಳಲ್ಲಿ ಧರಿಸಿದರಾಯಿತು.