ಹುಳ ಮುಟ್ಟಿದ ಮೇಲಿನ ಮೊದಲ ಗಂಟೆ ಯಾರ ಕೈಯಲ್ಲಿದೆ?

ನಮ್ಮ ಕಡೆ ರಾತ್ರಿ ಹೊತ್ತು ಹಾವಿನ ಹೆಸರು ಹೇಳುವುದಿಲ್ಲ. ‘ಹುಳ’ ಅನ್ನುತ್ತಾರೆ. ಕಚ್ಚಿತು ಅನ್ನುವುದೂ ಇಲ್ಲ, ‘ಹುಳ ಮುಟ್ಟೈತಿ’ ಅನ್ನುತ್ತಾರೆ. ಕೆಲವು ವರ್ಷದ ಹಿಂದೆ, ಸಿರುಗುಪ್ಪ ಕಡೆ ನೆಲ್ಲು ನಾಟಿ ಜೋರಾಗಿದ್ದ ಶ್ರಾವಣದ ಒಂದು ರಾತ್ರಿ, ಒಂಬತ್ತೂವರೆಗೆ ನನ್ನ ಫೋನಿಗೆ ಬಂದ ಮಾತೂ ಅದೇ.

ಫೋನ್ ಮಾಡಿದವರು ದೂರದ ಸಂಬಂಧದ ಅತ್ತಿ. ಸಂಜೆ ಏಳಕ್ಕೆ ಗದ್ದೆಗೆ ನೀರು ತಿರುಗಿಸಲು ಹೋದ ಮಾವನ ಕಾಲಿಗೆ ಬದುವಿನ ಮೇಲೆ ಹುಳ ಮುಟ್ಟಿತ್ತು. ಪೇಪರಿನವನಿಗೆ ಆಸ್ಪತ್ರೆಯಲ್ಲಿ ಯಾರಾದರೂ ಪರಿಚಯ ಇರುತ್ತಾರೆ ಅನ್ನುವುದು ಊರವರ ಲೆಕ್ಕ.

“ಈಗ ಎಲ್ಲಿದ್ದೀರಿ ಅತ್ತಿ?” ಅಂದೆ.

“ಅಜ್ಜನ ಹತ್ರ ಮಂತ್ರ ಹಾಕಿಸಾಕ ಬಂದೀವಿ. ಬೇವಿನ ತಪ್ಪಲ ತಿನಿಸಿದ್ರಪ್ಪ, ಕಹಿ ಹತ್ತವಲ್ದು ಅಂತಾರ. ಕಾಲು ಊದಿ ಕಂಬ ಆಗೈತಿ.”

ಬೈದು, ಬೇಡಿಕೊಂಡು, ಹತ್ತಕ್ಕೆ ಅವರನ್ನು ಅಲ್ಲಿಂದ ಎಬ್ಬಿಸಿದ್ದಾಯಿತು. ಹತ್ತೂವರೆಗೆ ಹತ್ತಿರದ ಒಂದು ಆಸ್ಪತ್ರೆ ಮುಟ್ಟಿದರು. ಅಲ್ಲಿ ವಿಷಕ್ಕೆ ಕೊಡುವ ಇಂಜೆಕ್ಷನ್ ಇತ್ತು. ಆದರೆ ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು ಅದನ್ನು ಮುಟ್ಟಲಿಲ್ಲ. ಒಂದು ಟಿಟಿ ಕೊಟ್ಟು, ‘ಬಳ್ಳಾರಿಗೆ’ ಅಂತ ಚೀಟಿ ಬರೆದರು. ಗಾಡಿ ಬಂದು, ಬಳ್ಳಾರಿ ತಲುಪಿ, ಮದ್ದು ಮೈಗೆ ಇಳಿಯಲು ಶುರುವಾದಾಗ ರಾತ್ರಿ ಒಂದು ಗಂಟೆ.

ಮಾವ ಬದುಕಿದರು. ಆದರೆ ಕಿಡ್ನಿಗೆ ಪೆಟ್ಟಾಗಿ ಹಲವು ಸಲ ಡಯಾಲಿಸಿಸ್ ಆಯಿತು. ಆ ವರ್ಷದ ನೆಲ್ಲು ಕೊಯ್ಯುವ ಮೊದಲೇ ಸಾಲಕ್ಕೆ ಹೋಯಿತು.

ಈ ಕಥೆ ಕೇಳಿದವರೆಲ್ಲ ಬೈಯುವುದು ಮಂತ್ರ ಹಾಕಿದ ಅಜ್ಜನನ್ನು. ನಾನೂ ಬೈದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಏಳರಿಂದ ಒಂದರವರೆಗೆ ಆರು ತಾಸು. ಅದರಲ್ಲಿ ಮೂರು ತಾಸು ಅಜ್ಜನ ಕಟ್ಟೆಯ ಮೇಲೆ ಹೋಯಿತು. ಉಳಿದ ಮೂರು ತಾಸು ಇಂಗ್ಲಿಷ್ ವೈದ್ಯದ ದಾರಿಯಲ್ಲೇ ಹೋಯಿತು. ಹಾಗಿದ್ದ ಮೇಲೆ ಒಬ್ಬರಿಗೆ ಮಾತ್ರ ಬೈಗುಳ ಯಾಕೆ? ನಾಟಿ ವೈದ್ಯ ಮೇಲೋ, ಇಂಗ್ಲಿಷ್ ವೈದ್ಯ ಮೇಲೋ ಅನ್ನುವ ಜಗಳ ಹಾವು ಕಚ್ಚಿದವನ ಯಾವ ಉಪಯೋಗಕ್ಕೂ ಬರುವುದಿಲ್ಲ. ಅವನಿಗೆ ಬೇಕಾದ್ದು ಎರಡೇ. ಅಜ್ಜ ಬೇಗ ಬಿಟ್ಟುಕೊಡಬೇಕು, ಸಣ್ಣ ಆಸ್ಪತ್ರೆ ಧೈರ್ಯವಾಗಿ ಕೈಗೆತ್ತಿಕೊಳ್ಳಬೇಕು. ಎರಡೂ ಕಲಿಸಿದರೆ ಬರುವ ವಿದ್ಯೆ. ನಾವು ಇಬ್ಬರಿಗೂ ಸರಿಯಾಗಿ ಕಲಿಸಿಲ್ಲ ಅನ್ನುವುದೇ ನನ್ನ ತಕರಾರು.

ಜನ ಅಜ್ಜನ ಹತ್ತಿರ ಯಾಕೆ ಹೋಗುತ್ತಾರೆ?

ಮೂಢನಂಬಿಕೆ ಅಂತ ಒಂದೇ ಪದದಲ್ಲಿ ಮುಗಿಸಬೇಡಿ. ಅಜ್ಜ ಊರಲ್ಲೇ ಇದ್ದಾರೆ. ರಾತ್ರಿ ಎರಡಕ್ಕೆ ಬಾಗಿಲು ಬಡಿದರೂ ಏಳುತ್ತಾರೆ. ಎಲೆ ಅಡಿಕೆ, ತೆಂಗಿನಕಾಯಿ ಬಿಟ್ಟರೆ ಏನೂ ಕೇಳುವುದಿಲ್ಲ. ಆಧಾರ್ ಕಾರ್ಡ್ ಜೆರಾಕ್ಸ್ ಕೇಳುವುದಿಲ್ಲ. ಆಸ್ಪತ್ರೆ ಅಂದರೆ ಜನಕ್ಕೆ ಭಯವೂ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡು, ಕೊಟ್ಟ ಸಲೈನ್ ಮೇಲೆಯೇ ಅನುಮಾನ ಬಂದದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಇನ್ನೊಂದು ಕಾರಣ, ಅಜ್ಜನ ಮಂತ್ರದಿಂದ ಬದುಕಿದವರು ಊರಲ್ಲಿ ಕಣ್ಣೆದುರೇ ಓಡಾಡುತ್ತಿದ್ದಾರೆ. ಇದರ ಗುಟ್ಟು ಸರಳ. ನಮ್ಮ ಹೊಲಗಳಲ್ಲಿರುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ಕೇರೆಹಾವು, ನೀರುಹಾವು ಕಚ್ಚಿದರೆ ಗಾಯ ಆಗುತ್ತದೆ, ಅಷ್ಟೇ. ವಿಷದ ಹಾವು ಕೂಡ ಕೆಲವು ಸಲ ವಿಷ ಬಿಡದೆ ಬರೀ ಹಲ್ಲೂರುತ್ತದೆ. ಇಂಥವರೆಲ್ಲ ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ. ಆದರೆ ಹೆಸರು ಮಂತ್ರಕ್ಕೆ ಬರುತ್ತದೆ.

ನಿಜವಾದ ಪರೀಕ್ಷೆ ಬರುವುದು ನಾಲ್ಕು ಹಾವುಗಳಲ್ಲಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಾಗರ ಮತ್ತು ಕಟ್ಟುಹಾವಿನ ವಿಷ ನರಕ್ಕೆ ಹೋಗುತ್ತದೆ. ಕಣ್ಣೆವೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಕಟ್ಟುಹಾವು ಇನ್ನೂ ಮೋಸದ್ದು. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಚ್ಚಿದರೆ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದವರಿಗೆ ಕಣ್ಣು ತೆರೆಯಲು ಆಗುವುದಿಲ್ಲ. ಮಂಡಲದ ವಿಷ ರಕ್ತಕ್ಕೆ ಹೋಗುತ್ತದೆ. ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ, ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಬರುತ್ತದೆ. ಕೊಳಕುಮಂಡಲವಾದರೆ ಮಾವನಿಗೆ ಆದಂತೆ ಕಿಡ್ನಿಯೂ ಕೆಡುತ್ತದೆ. ಇದಕ್ಕೆ ಬೇವಿನ ತಪ್ಪಲವೂ ಇಲ್ಲ, ವಿಷದ ಕಲ್ಲೂ ಇಲ್ಲ. ಇರುವುದು ಒಂದೇ ಮದ್ದು, ಪ್ರತಿವಿಷ.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಅಂತ ದೇಶದ ದೊಡ್ಡ ಮರಣ ಸಮೀಕ್ಷೆಯೊಂದರ ಅಂದಾಜು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ಕಾಲುವೆಗೆ ನೀರು ಬಿಡುವ, ನಾವು ನಾಟಿ ಮಾಡುವ ದಿನಗಳಲ್ಲೇ.

ಪ್ರತಿವಿಷದ ಹಿಂದೆ ಹಳೆ ವಿದ್ಯೆಯೇ ಇದೆ

1890ರ ದಶಕದಲ್ಲಿ ಫ್ರಾನ್ಸಿನ ಆಲ್ಬೆರ್ ಕಾಲ್ಮೆಟ್ ಮೊದಲಾದವರು ತೋರಿಸಿದ ದಾರಿ ಇದು. ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಕೊಡುತ್ತಾರೆ. ಕುದುರೆಯ ಮೈ ಅದನ್ನು ಎದುರಿಸಲು ಕಲಿಯುತ್ತದೆ. ಅದರ ರಕ್ತದಿಂದ ಮದ್ದು ತೆಗೆಯುತ್ತಾರೆ.

ಆದರೆ ಆ ವಿಷ ತರುವವರು ಯಾರು? ತಮಿಳುನಾಡಿನ ಇರುಳರು. ಹೆಜ್ಜೆ ಗುರುತು ನೋಡಿ ಬಿಲ ಹುಡುಕುವ, ತಲೆಮಾರಿನಿಂದ ಬಂದ ವಿದ್ಯೆ ಅವರದ್ದು. 1972ರ ವನ್ಯಜೀವಿ ಕಾಯ್ದೆಯ ನಂತರ ಹಾವಿನ ಚರ್ಮದ ವ್ಯಾಪಾರ ನಿಂತು ಹೊಟ್ಟೆಗೆ ಕಷ್ಟವಾಯಿತು. 1978ರಲ್ಲಿ ರೊಮ್ಯುಲಸ್ ವಿಟೇಕರ್ ನೆರವಿನಿಂದ ಚೆನ್ನೈ ಹತ್ತಿರ ಇರುಳರ ಸಹಕಾರ ಸಂಘ ಹುಟ್ಟಿತು. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ದೇಶದ ಪ್ರತಿವಿಷ ತಯಾರಿಕೆಗೆ ಹೋಗುವ ವಿಷದ ದೊಡ್ಡ ಪಾಲು ಅಲ್ಲಿಂದಲೇ. ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಾಟಿ ವಿದ್ಯೆಗೆ ಅದು ಬಲ್ಲ ಕೆಲಸ ಕೊಟ್ಟರೆ ದೇಶ ಉಳಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹೊಸ ವೈದ್ಯವೂ ಪರಿಪೂರ್ಣ ಅಲ್ಲ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆ, ಒಂದು ಕಡೆಯ ವಿಷದಿಂದ ಮಾಡಿದ ಮದ್ದು ಎಲ್ಲ ಕಡೆ ಅಷ್ಟೇ ಚೆನ್ನಾಗಿ ನಾಟುವುದಿಲ್ಲ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ತಂಡ ತೋರಿಸಿದೆ. ಆದರೂ ಇವತ್ತು ಕೈಯಲ್ಲಿರುವ ಮದ್ದು ಇದೇ. ಬೇಗ ಕೊಟ್ಟಷ್ಟೂ ಒಳ್ಳೆಯದು.

ಕಲಿಸಬೇಕಾದ್ದು ಇಬ್ಬರಿಗೆ

ಮೊದಲು ಸಣ್ಣ ಆಸ್ಪತ್ರೆಯ ಡಾಕ್ಟರು. ಆ ಹುಡುಗ ಡಾಕ್ಟರ ಭಯ ಸುಳ್ಳಲ್ಲ. ಕುದುರೆಯಿಂದ ಬಂದ ಮದ್ದಾದ್ದರಿಂದ ಕೆಲವರ ಮೈಗೆ ಒಗ್ಗುವುದಿಲ್ಲ. ದದ್ದು ಏಳುತ್ತದೆ, ಬಿಪಿ ಬೀಳುತ್ತದೆ. ಅದಕ್ಕೆ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಇಟ್ಟುಕೊಂಡು ಶುರು ಮಾಡಬೇಕು. ವಿಷ ರಕ್ತಕ್ಕೆ ಹೋಗಿದೆಯೇ ಅಂತ ನೋಡಲು ದೊಡ್ಡ ಲ್ಯಾಬೂ ಬೇಡ. ಒಣಗಿದ ಸ್ವಚ್ಛ ಗಾಜಿನ ನಳಿಕೆಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ವಾಲಿಸಿದರೆ ಸಾಕು. ನೀರಿನಂತೆ ಹರಿದರೆ ವಿಷ ಏರಿದೆ ಅಂತ ಅರ್ಥ. ಈ ವಿದ್ಯೆ ಪುಸ್ತಕದಲ್ಲಿ ಓದಿದರೆ ಸಾಲದು, ಕೈಯಲ್ಲಿ ಮಾಡಿರಬೇಕು. ದೊಡ್ಡ ಆಸ್ಪತ್ರೆಯ ಐಸಿಯು ನೋಡಿ ಕಲಿತವರು, ರಾತ್ರಿ ಒಬ್ಬರೇ ಡ್ಯೂಟಿಯಲ್ಲಿರುವಾಗ, ಹೊರಗೆ ಐವತ್ತು ಜನ ಸೇರಿದಾಗ, ಚೀಟಿ ಬರೆದು ಕಳಿಸುವುದೇ ಕ್ಷೇಮ ಅಂದುಕೊಳ್ಳುತ್ತಾರೆ. ಕುರುಗೋಡಿನಿಂದಾದರೆ ಬಳ್ಳಾರಿ 30 ಕಿ.ಮೀ. ಒಳಗಿದೆ. ಸಿರುಗುಪ್ಪದಿಂದ 50 ಕಿ.ಮೀ. ದಾಟುತ್ತದೆ, ಅದರಾಚೆಯ ಹಳ್ಳಿಗಳಿಗೆ ಇನ್ನೂ ದೂರ. ಆ ಚೀಟಿಯ ಬೆಲೆ ರೋಗಿ ಕೊಡಬೇಕು.

ಇನ್ನು ಅಜ್ಜ. ಸಿಟ್ಟು ಇಳಿದ ಮೇಲೆ ಒಂದು ದಿನ ಅವರನ್ನು ನೋಡಲು ಹೋಗಿದ್ದೆ. ಚಹಾ ತರಿಸಿ ಕೊಟ್ಟು ಅಂದರು: “ನಾನೇನ್ ಆಸ್ಪತ್ರಿಗೆ ಹೋಗಬ್ಯಾಡ್ರಿ ಅಂದೀನೇನ್ ತಮ್ಮಾ? ಯಾವಾಗ ಕಳಸ್ಬೇಕು ಅಂತ ನನಗ ಯಾರ್ ಬಂದು ಹೇಳ್ಯಾರ? ನಮ್ಮಪ್ಪ ಹೇಳಿಕೊಟ್ಟಿದ್ದಷ್ಟ ನನಗ ಗೊತ್ತು.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆರಿಗೆ ವಿಷಯದಲ್ಲಿ ಸರ್ಕಾರ ಹೀಗೆ ಮಾಡಲಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಪಡೆದವರು. ಅಂಥ ಕೈಗಳನ್ನು ಗೌರವಿಸುತ್ತಲೇ, ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಅಂತ 2005ರ ನಂತರ ಊರಿಗೊಬ್ಬ ಆಶಾ ಕಾರ್ಯಕರ್ತೆಯನ್ನು ಕೊಟ್ಟರು. ಬಸುರಿಯನ್ನು ಕರೆದುಕೊಂಡು ಹೋಗಲು ಊರಲ್ಲೇ ಒಬ್ಬರು ಇದ್ದಾರೆ. ಹಾವು ಮುಟ್ಟಿದವನನ್ನು ಕರೆದುಕೊಂಡು ಹೋಗುವವರು ಯಾರು?

ನೇಪಾಳದವರು ಇದಕ್ಕೆ ಉತ್ತರ ಕಂಡುಕೊಂಡರು. ಅಲ್ಲಿಯೂ ನಮ್ಮಂಥದೇ ನೆಲ್ಲಿನ ಸೀಮೆ. ಪೂರ್ವದ ತರಾಯಿ ಬಯಲಿನ ದಮಕ್ ಎಂಬಲ್ಲಿನ ಚಿಕಿತ್ಸಾ ಕೇಂದ್ರಕ್ಕೆ ಜನರನ್ನು ಮುಟ್ಟಿಸಲು ಹಳ್ಳಿಯ ಬೈಕ್ ಇರುವ ಯುವಕರನ್ನೇ ಗೊತ್ತು ಮಾಡಿದರು. ಕಚ್ಚಿಸಿಕೊಂಡವನನ್ನು ನಡುವೆ ಕೂರಿಸಿ, ಹಿಂದೆ ಒಬ್ಬ ಹಿಡಿದುಕೊಂಡು, ನೇರ ಆಸ್ಪತ್ರೆಗೆ. ಜೊತೆಗೆ ಊರೂರಲ್ಲಿ ತಿಳಿವಳಿಕೆ ಕೊಟ್ಟರು. ಆ ಹಳ್ಳಿಗಳಲ್ಲಿ ವಿಷದ ಹಾವು ಕಚ್ಚಿದವರ ಸಾವು ನೂರಕ್ಕೆ 10.5ರಿಂದ 0.5ಕ್ಕೆ ಇಳಿಯಿತು. ಹೊಸ ಮದ್ದಿನಿಂದಲ್ಲ. ಬೇಗ ತಲುಪಿದ್ದರಿಂದ.

ಬಳ್ಳಾರಿಯಲ್ಲೇ ಎರಡೂ ಕಾಲೇಜು ಇವೆ

ನಮ್ಮಲ್ಲಿ ಏನು ಕಡಿಮೆ ಇದೆ? 1961ರಲ್ಲಿ ಶುರುವಾದ, ಹೆಸರು ಬದಲಾದರೂ ನಾವು ಈಗಲೂ ವಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜು ಬಳ್ಳಾರಿಯಲ್ಲಿದೆ. ಅದೇ ಊರಲ್ಲಿ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜೂ ಇದೆ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ, ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ನಡೆಸಿದ ಪಂಡಿತ ತಾರಾನಾಥರ ಹೆಸರಿನ ಕಾಲೇಜು. ಆಯುರ್ವೇದದ ಎಂಟು ಅಂಗಗಳಲ್ಲಿ ವಿಷದ ಬಗ್ಗೆಯೇ ಇರುವ ಅಗದತಂತ್ರ ಒಂದು. ಅಲ್ಲಿ ಓದಿದವರ ಮಾತನ್ನು ಊರಿನ ನಾಟಿ ವೈದ್ಯರು ಬೇಗ ಕೇಳುತ್ತಾರೆ. ಎಂಬಿಬಿಎಸ್ ಡಾಕ್ಟರು ಬಂದು ಬೈದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಹೇಳಿತು. ಒಳ್ಳೆಯ ಕೆಲಸ. ಮುಂದಿನ ತಿಂಗಳು ಕೇಂದ್ರವೂ 2030ರೊಳಗೆ ಸಾವು ಅರ್ಧಕ್ಕೆ ಇಳಿಸುವ ಯೋಜನೆ ತಂದಿತು. ಆದರೆ ಆಸ್ಪತ್ರೆಗೆ ಬಂದವರ ಲೆಕ್ಕ ಬರೆಯುವುದು ಸುಲಭ. ಬಾರದೆ ಕಟ್ಟೆಯ ಮೇಲೆ ಸತ್ತವನ ಲೆಕ್ಕ ಯಾರು ಬರೆಯುತ್ತಾರೆ?

ಹಾಗಾಗಿ ನಾನು ಕೇಳುವುದು ಇಷ್ಟೇ. ಪ್ರತಿ ವರ್ಷ ಕಾಲುವೆಗೆ ನೀರು ಬಿಡುವ ಮೊದಲು, ಈ ಎರಡೂ ಕಾಲೇಜುಗಳ ಡಾಕ್ಟರು ಜೊತೆಯಾಗಿ ಸಿರುಗುಪ್ಪ, ಕುರುಗೋಡಿನಲ್ಲಿ ನಾಟಿ ವೈದ್ಯರನ್ನು ಕರೆದು ಎರಡು ದಿನ ಕೂರಲಿ. ಕೆಳಗೆ ಕೂರಿಸಿ ಬೈಯದೆ, ಸಮನಾಗಿ ಕೂತು ಮಾತಾಡಲಿ. ಮಂತ್ರ ಬಿಡಿ ಅನ್ನುವುದು ಬೇಡ. ಮಂತ್ರ ಹಾಕುವುದಾದರೆ ಗಾಡಿಯಲ್ಲೇ ಹಾಕಿ, ಬೇಕಾದರೆ ನೀವೂ ಜೊತೆಗೆ ಬನ್ನಿ ಅನ್ನಲಿ. ಅಜ್ಜ ಹೋಗಿ ಅಂದರೆ ಜನ ಹೋಗುತ್ತಾರೆ. ಆ ಮಾತಿನ ಬಲ ಯಾವ ಪೋಸ್ಟರಿಗೂ ಇಲ್ಲ.

ಅದೇ ದಿನಗಳಲ್ಲಿ ಸಣ್ಣ ಆಸ್ಪತ್ರೆಗಳ ಡಾಕ್ಟರು, ನರ್ಸುಗಳಿಗೆ ಕೈಯಾರೆ ತರಬೇತಿ ಆಗಲಿ. ಪ್ರತಿವಿಷ ಎಷ್ಟು ಬಾಟಲಿ ಇದೆ ಅಂತ ಆಸ್ಪತ್ರೆಯ ಹೊರಗೆ ಬೋರ್ಡಿನಲ್ಲಿ ಬರೆಯಲಿ. ಮೊದಲ ಸಲಕ್ಕೇ ಸಾಮಾನ್ಯವಾಗಿ 10 ಬಾಟಲಿ ಬೇಕು, ಮಕ್ಕಳಿಗೂ ಅಷ್ಟೇ. ಎರಡು ಇಟ್ಟುಕೊಂಡು ಇದೆ ಅನ್ನುವುದು ಲೆಕ್ಕಕ್ಕಲ್ಲ. ಬಳ್ಳಾರಿಗೆ ಕಳಿಸಲೇಬೇಕಾದರೆ ಮದ್ದು ಶುರು ಮಾಡಿ ಕಳಿಸಲಿ.

ಇದನ್ನು ಓದುವ ನೀವು ಮಾಡಬೇಕಾದ್ದೂ ಇದೆ. ಹುಳ ಮುಟ್ಟಿದರೆ ಹಗ್ಗ ಬಿಗಿಯಬೇಡಿ, ಬ್ಲೇಡಿನಿಂದ ಗೀರಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಕಾಲುಂಗುರ ತೆಗೆಯಿರಿ. ಮುರಿದ ಕಾಲಿಗೆ ಕಟ್ಟುವಂತೆ ಕೋಲು ಇಟ್ಟು ಅಲುಗದ ಹಾಗೆ ಕಟ್ಟಿ, ನಡೆಸಬೇಡಿ. ಹಾವನ್ನು ಹುಡುಕಿ ಹೊಡೆಯುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ತಡ ಅನಿಸಿದರೆ ಬೈಕ್ ತೆಗೆಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಮದ್ದು ಉಚಿತ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ನಮ್ಮ ಆಸ್ಪತ್ರೆಯಲ್ಲಿ ಇವತ್ತು ಎಷ್ಟು ಬಾಟಲಿ ಇದೆ, ರಾತ್ರಿ ಅದನ್ನು ಕೊಡುವವರು ಯಾರು? ಆ ಸಭೆಗೆ ನಿಮ್ಮೂರಿನ ಅಜ್ಜನನ್ನೂ ಕರೆದುಕೊಂಡು ಹೋಗಿ. ರಾತ್ರಿ ಎರಡು ಗಂಟೆಗೆ ಜನ ಮೊದಲು ಬಾಗಿಲು ಬಡಿಯುವುದು ಅವರದ್ದೇ.